ಬಂಡೆಯ ಮೇಲೆ ಒಣಗಿದ ಲೈಬ್ರರಿ

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ಟೀವಿಯಲ್ಲಿ ಹೇಳಿದ ಕೂಡಲೇ ನಾನು ಎದ್ದು ಸ್ಟೂಲು ಹುಡುಕುತ್ತೇನೆ. ಎರಡು ವರ್ಷದಿಂದ ಅಂಟಿಕೊಂಡ ಚಾಳಿ ಇದು. ಸ್ಟೂಲು ಹತ್ತಿ, ಕೆಳಗಿರುವುದನ್ನೆಲ್ಲ ಮೇಲಕ್ಕೆ ಸೇರಿಸುತ್ತೇನೆ. ಅಕ್ಕಿಡಬ್ಬ ಅಟ್ಟಕ್ಕೆ, ಮಿಕ್ಸಿ ಬೀರುವಿನ ನೆತ್ತಿಗೆ, ಉಪ್ಪಿನ ಜಾಡಿ ದೇವರ ಗೂಡಿಗೆ. ನಮ್ಮ ಮನೆಯವರು ಬಾಗಿಲಿಗೆ ಹೋಗಿ ಆಕಾಶ ನೋಡುತ್ತಾರೆ. ಅಲ್ಲಿ ಅಂಗೈಯಗಲ ಮೋಡವೂ ಇರುವುದಿಲ್ಲ. ಆಮೇಲೆ ಎರಡು ದಿನ ಸಾರಿಗೆ ಉಪ್ಪು ಸಾಲದೆ ಬಂದಾಗಲೆಲ್ಲ ಅವರು ದೇವರಿಗೆ ಕೈಮುಗಿದು ಬರಬೇಕಾಗುತ್ತದೆ.

ನೀವು ನಗಬಹುದು. ನಾನೂ ಮೊದಲು ನಗುತ್ತಿದ್ದವಳೇ. ಚಂಡಮಾರುತವೆಂದರೆ ಸಮುದ್ರದ ಪಕ್ಕ ಮನೆ ಕಟ್ಟಿಕೊಂಡವರ ಕಷ್ಟ, ನಮ್ಮ ಪಾಲಿಗೆ ಬರುವುದು ಒಂದೆರಡು ದಿನದ ಜಿಟಿಜಿಟಿ ಮಳೆ ಮತ್ತು ಒಣಗದ ಬಟ್ಟೆ, ಅಷ್ಟೇ ಎಂದು ತಿಳಿದಿದ್ದೆ. ನಮ್ಮೂರು ಇರುವುದು ಶಿರಾ ತಾಲ್ಲೂಕಿನ ಗೌಡಗೆರೆ ಕಡೆ. ಸಮುದ್ರದಿಂದ ನಮ್ಮಲ್ಲಿಗೆ ಬಂದು ತಲುಪುವುದು ಸಂತೆಯ ಒಣಮೀನು ಒಂದೇ. ಇಲ್ಲಿ ಮಳೆ ಎಂಬುದು ಹವಾಮಾನವಲ್ಲ, ಸುದ್ದಿ. ಕೊರಟಗೆರೆಯಿಂದ ನಮ್ಮಕ್ಕ ಫೋನು ಮಾಡಿದರೆ ಮೊದಲು ಕೇಳುವುದು ಹನಿ ಬಿತ್ತಾ ಎಂದೇ. ಆರೋಗ್ಯ ವಿಚಾರಿಸುವುದು ಆಮೇಲೆ. ಮಧುಗಿರಿಯಲ್ಲಿ ಮಳೆಯಾಗಿ ನಮ್ಮಲ್ಲಿ ಆಗದಿದ್ದರೆ ನಾವು ಮಧುಗಿರಿಯವರ ಮೇಲೆ ಒಂದು ವಾರ ಒಳಗೊಳಗೇ ಮುನಿಸಿಕೊಂಡಿರುತ್ತೇವೆ.

ನಾನು ಊರಿನ ಗ್ರಂಥಾಲಯದ ಮೇಲ್ವಿಚಾರಕಿ. ಊರವರ ಬಾಯಲ್ಲಿ ಲೈಬ್ರಿ ಮೇಡಮ್ಮ. ಸಾವಿರದ ಚಿಲ್ಲರೆ ಪುಸ್ತಕ, ನಾಲ್ಕು ಬೀರು, ಎರಡು ಬೆಂಚು, ಒಂದು ಫ್ಯಾನು, ಇಷ್ಟು ನನ್ನ ಸಂಸಾರ. ನಿಜ ಹೇಳುವುದಾದರೆ ನಮ್ಮ ಓದುಗರಲ್ಲಿ ಹೆಚ್ಚಿನವರು ಫ್ಯಾನಿಗಾಗಿ ಬರುವವರು. ಪೇಪರಿನಲ್ಲಿ ರಾಶಿಭವಿಷ್ಯ ನೋಡಿ, ಫೋನು ಚಾರ್ಜಿಗೆ ಹಾಕಿ, ಅದು ತುಂಬುವ ತನಕ ಗೋಡೆಗೊರಗಿ ಕಣ್ಣು ಮುಚ್ಚಿಕೊಳ್ಳುವವರು. ಪುಸ್ತಕ ಮುಟ್ಟುವವರು ವಾರಕ್ಕೆ ಮೂವರು. ಅವರಲ್ಲಿ ಒಬ್ಬಳು ನಾನೇ.

ಈ ಗ್ರಂಥಾಲಯ ಕಟ್ಟಿದ್ದು ಕೆರೆಯ ಕೋಡಿ ಹಳ್ಳದಲ್ಲಿ. ಕೆರೆ ತುಂಬಿದರೆ ಮಿಕ್ಕ ನೀರು ಕೋಡಿಯ ಮೇಲೆ ಉಕ್ಕಿ ಹರಿದು ಹೋಗಬೇಕಾದ ದಾರಿ ಅದು. ಆದರೆ ಕೆರೆ ತುಂಬಿದ್ದನ್ನು ಕಂಡವರು ಯಾರು? ಕೆರೆಯೊಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಮಿಕ್ಕ ಕಡೆ ಜಾಲಿ ಬೆಳೆದಿತ್ತು. ಹಳ್ಳ ಖಾಲಿ ಬಿದ್ದಿದೆಯೆಂದು ಮೊದಲು ಒಂದು ಹಿಟ್ಟಿನ ಗಿರಣಿ ಬಂತು, ಆಮೇಲೆ ಹಾಲಿನ ಡೇರಿ, ಗ್ರಂಥಾಲಯ, ಹದಿನೈದು ಮನೆ. ಕಟ್ಟುವಾಗ ಯಾರೋ ಒಬ್ಬರು, ಹಳ್ಳ ತನ್ನ ದಾರಿ ಮರೆಯುವುದಿಲ್ಲ ಎಂದು ಬುದ್ಧಿ ಹೇಳಿದ್ದರಂತೆ. ಆ ಒಬ್ಬರು ಯಾರು ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ನೀರು ಬಂದು ಹೋದ ಮೇಲೆ, ಹೇಳಿದ್ದು ತಾನೇ ಎಂದು ನನ್ನ ಬಳಿ ಸಾಧಿಸಿದವರು ನಲವತ್ತು ಜನ ಇದ್ದಾರೆ.

ಆ ಚಂಡಮಾರುತಕ್ಕೊಂದು ಹೆಸರಿತ್ತು. ಟೀವಿಯವರು ಅದನ್ನು ಗಂಟೆಗೆ ಹತ್ತು ಸಲ ಹೇಳಿದರೂ ನಮ್ಮೂರಲ್ಲಿ ಯಾರಿಗೂ ಬಾಯಿಗೆ ಹತ್ತಲಿಲ್ಲ. ಬೆನ್ನುನೋವಿಗೆ ಕೊಡುವ ಮಾತ್ರೆಯ ಹೆಸರಿನ ಹಾಗಿದೆ ಎಂದು ಅಭಿಪ್ರಾಯವಾಯಿತು. ಮೂರು ದಿನ ಬಿಡದೆ ಹೊಡೆಯಿತು. ಮೊದಲ ದಿನ ನಾವು ಖುಷಿಪಟ್ಟೆವು. ಎರಡನೆಯ ದಿನ ಇನ್ನೂ ಖುಷಿಪಟ್ಟೆವು. ಮೂರನೆಯ ದಿನ ಸ್ವಲ್ಪ ಜಾಸ್ತಿಯಾಯಿತೇನೋ ಅನಿಸಿದರೂ ಬಾಯಿಬಿಟ್ಟು ಹೇಳಲು ಯಾರಿಗೂ ಧೈರ್ಯ ಬರಲಿಲ್ಲ. ಇಷ್ಟು ವರ್ಷ ಬಾ ಬಾ ಎಂದು ಕರೆದ ಮಳೆಯನ್ನು ಸಾಕು ಹೋಗು ಎನ್ನುವುದಕ್ಕೆ ಯಾವ ನಾಲಿಗೆ ಏಳುತ್ತದೆ?

ನಾಲ್ಕನೆಯ ದಿನ ಬೆಳಿಗ್ಗೆ ಕೆರೆ ಕೋಡಿ ಬಿತ್ತು. ಊರಿಗೆ ಊರೇ ಏರಿಯ ಮೇಲೆ ನೆರೆಯಿತು. ಹೆಂಗಸರು ಆರತಿ ತಟ್ಟೆ ತಂದರು. ಗಂಡಸರು ಫೋನು ಎತ್ತಿ ಹಿಡಿದರು. ನಾನು ಗ್ರಂಥಾಲಯಕ್ಕೆ ಬೀಗ ಹಾಕಿ, ಮನೆಗೆ ಹೋಗಿ ಒಂದು ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದೆ. ಕಂದು ನೀರು ಕೋಡಿಯ ಕಲ್ಲು ಹತ್ತಿ ಇಳಿದು ಹಳ್ಳದ ಕಡೆ ಓಡುವುದನ್ನು ನೋಡಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಆ ನೀರು ಹಾಗೆ ಓಡಿ ಎಲ್ಲಿಗೆ ಹೋಗುತ್ತದೆ ಎಂಬುದು, ದಿನಾ ಆ ಹಳ್ಳದಲ್ಲೇ ಕುಳಿತು ಸಂಬಳ ತೆಗೆದುಕೊಳ್ಳುವ ನನಗೆ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಡೇರಿಯ ಕಡೆಯಿಂದ ಯಾರೋ ಓಡಿಬಂದು, ಗಿರಣಿಗೂ ಲೈಬ್ರಿಗೂ ನೀರು ನುಗ್ಗಿದೆ ಎಂದರು. ನಾನು ಆಗಲೂ ಕೈ ಜೋಡಿಸಿಕೊಂಡೇ ಇದ್ದೆ. ಚಪ್ಪಾಳೆಗೆ ಹಿಡಿದ ಕೈಯನ್ನು ಹಾಗೆಯೇ ಎದೆಗೆ ಒತ್ತಿಕೊಂಡು ಓಡಿದೆ.

ಹಿಟ್ಟಿನ ಗಿರಣಿ ಓಬಳೇಶನದು. ನಮ್ಮೂರಲ್ಲಿ ಈಜು ಬರುವ ಮನುಷ್ಯ ಅವನೊಬ್ಬನೇ. ಚಿಕ್ಕಂದಿನಲ್ಲಿ ಅಜ್ಜನ ತೋಟದ ಬಾವಿಯಲ್ಲಿ ಕಲಿತಿದ್ದಂತೆ. ಐವತ್ತು ವರ್ಷದಲ್ಲಿ ಆ ವಿದ್ಯೆಯನ್ನು ತೋರಿಸಲು ಒಂದು ಅವಕಾಶವೂ ಸಿಗದೆ, ಹಿಟ್ಟು ಬೀಸಿಸಿಕೊಳ್ಳಲು ಹೋದವರಿಗೆಲ್ಲ ಬಾಯಲ್ಲೇ ಈಜಿ ತೋರಿಸುತ್ತಿದ್ದ. ಆವತ್ತು ಅವನ ದಿನ ಬಂತು. ಅಂಗಿ ಬಿಚ್ಚಿ, ವಾಚು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ಯಾರೂ ಹತ್ತಿರ ಬರಬಾರದೆಂದು ಹೇಳಿ, ಡೇರಿಯ ಕಟ್ಟೆಯಿಂದ ನೀರಿಗೆ ಹಾರಿದ. ನೀರು ತೊಡೆಯ ಮಟ್ಟ ಇತ್ತು. ಎರಡೂ ಮಂಡಿ ನೆಲಕ್ಕೆ ಬಡಿದವು. ಸ್ವಲ್ಪ ಹೊತ್ತು ಹಾಗೆಯೇ ಕೈಕಾಲು ಆಡಿಸಿದ. ಆಮೇಲೆ ಎದ್ದು ನಿಂತು, ಮೊದಲಿಂದಲೂ ಇದೇ ಉದ್ದೇಶವಿತ್ತೆಂಬಂತೆ ಗಂಭೀರವಾಗಿ ನಡೆದುಕೊಂಡು ಗಿರಣಿಗೆ ಹೋದ.

ಅವನನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ. ಬೀಗ ತೆಗೆದು ಒಳಗೆ ಹೋದಾಗ ಕೆಳಗಿನ ಎರಡು ಅರೆಯ ಪುಸ್ತಕಗಳು ಆಗಲೇ ತೇಲುತ್ತಿದ್ದವು. ಹತ್ತೊಂಬತ್ತು ವರ್ಷದ ನೌಕರಿ ನನ್ನದು. ಇಂಥ ಹೊತ್ತಿನಲ್ಲಿ ಮೊದಲು ಏನನ್ನು ಉಳಿಸಬೇಕೆಂದು ತರಬೇತಿಯೂ ಆಗಿತ್ತು. ಸೊಂಟದವರೆಗೆ ನೆನೆದು, ಉಸಿರು ಬಿಗಿಹಿಡಿದು ನಾನು ಹೊರಗೆ ಹೊತ್ತು ತಂದದ್ದು ಗೋಡೆಯ ಮೇಲಿನ ‘ದಯವಿಟ್ಟು ನಿಶ್ಶಬ್ದವಾಗಿರಿ’ ಎಂಬ ಹಲಗೆಯನ್ನು. ಅದು ಆರಡಿ ಎತ್ತರದಲ್ಲಿತ್ತು, ಅದಕ್ಕೆ ಯಾವ ಅಪಾಯವೂ ಇರಲಿಲ್ಲ.

ಗ್ರಂಥಾಲಯದ ಪಕ್ಕದ ಮನೆಯ ಈರಕ್ಕ ಆಗ ತನ್ನ ಕುರಿಗಳನ್ನು ಶಾಲೆಯ ದಿಬ್ಬಕ್ಕೆ ಹೊಡೆದು ವಾಪಸು ಬರುತ್ತಿದ್ದಳು. ಅವಳ ಗಂಡ ಚಿತ್ತಯ್ಯ ದೊಡ್ಡ ಹಿಂಡು ಕಟ್ಟಿಕೊಂಡು ಪಾವಗಡದ ಕಡೆ ಮೇವಿಗೆ ಹೋಗಿದ್ದ. ಮನೆಯಲ್ಲಿದ್ದುದು ಅವಳು ಮತ್ತು ಮರಿಗಳೂ ಸೇರಿ ಹನ್ನೆರಡು ಕುರಿ. ನಾನು ಹಲಗೆ ತಬ್ಬಿಕೊಂಡು ನಿಂತದ್ದನ್ನು ಅವಳು ನಿಧಾನವಾಗಿ ನೋಡಿದಳು.

"ಅದ್ಯಾಕಮ್ಮ ಹಲಗೆ ಹಿಡ್ಕಂಡ್ ನಿಂತಿದೀಯ, ನೀರಿಗೆ ತೋರ್ಸಕ್ಕಾ?" ಎಂದಳು.

ಆಮೇಲೆ ನನ್ನ ಉತ್ತರಕ್ಕೆ ಕಾಯದೆ ಮನೆಯಿಂದ ಎರಡು ಕರೀ ಕಂಬಳಿ ತಂದಳು. ತೇಲುವ ಪುಸ್ತಕಗಳನ್ನು ಬಾಚಿ ಬಾಚಿ ಕಂಬಳಿಗೆ ತುಂಬಿ, ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು ದಿಬ್ಬಕ್ಕೆ ನಡೆದಳು. ನಾನೂ ಒಂದು ಗಂಟು ಹೊತ್ತೆ. ಕುರಿ ಕಾಯುವವರ ಕಂಬಳಿ ಒಣಗಿದ್ದಾಗಲೇ ಭಾರ. ನೆನೆದರೆ ಒಂದು ಕುರಿಯನ್ನೇ ಹೊತ್ತಂತೆ. ಈರಕ್ಕನಿಗೆ ಅಕ್ಷರ ಬಾರದು. ಗ್ರಂಥಾಲಯದ ಪಕ್ಕದಲ್ಲೇ ಬಾಳಿದರೂ ಒಳಗೆ ಕಾಲಿಟ್ಟವಳಲ್ಲ. ಯಾಕೆ ಇಷ್ಟು ಕಷ್ಟಪಡುತ್ತೀಯ ಎಂದು ನಡುವೆ ಒಮ್ಮೆ ಕೇಳಿದೆ. ನೆನೆದ ಮೇಲೆ ಕುರಿಯಾದರೇನು ಪುಸ್ತಕವಾದರೇನು, ಎತ್ತಿ ಬೆಚ್ಚಗಿನ ಕಡೆ ಇಡುವುದು ತಾನೇ ಎಂದಳು.

ಏಳನೆಯದೋ ಎಂಟನೆಯದೋ ಗಂಟು ಅವಳ ತಲೆಯ ಮೇಲಿದ್ದಾಗ ಅವಳ ಮನೆಯ ಹಿಂದಿನ ಗೋಡೆ ಕುಸಿಯಿತು. ಮಣ್ಣಿನ ಗೋಡೆ. ದೊಡ್ಡ ಸದ್ದೇನೂ ಆಗಲಿಲ್ಲ, ಯಾರೋ ಮುದುಕರು ಉಸ್ಸೆಂದು ಕುಳಿತಂತೆ ಕೂತುಬಿಟ್ಟಿತು. ಸೂರಿನ ಅರ್ಧ ಅದರ ಜೊತೆಗೇ ಇಳಿಯಿತು. ಪಾತ್ರೆ, ಹಾಸಿಗೆ, ರಾಗಿ ಮೂಟೆ ಎಲ್ಲ ಒಳಗೇ. ನನ್ನ ಪುಸ್ತಕ ಹೊರುವ ಬದಲು ಅವಳು ತನ್ನ ಸಾಮಾನು ಹೊತ್ತಿದ್ದರೆ ಎಲ್ಲವನ್ನೂ ಸಾಗಿಸುವಷ್ಟು ಹೊತ್ತು ಸಿಗುತ್ತಿತ್ತು. ಇದು ನನಗೆ ಆ ಕ್ಷಣವೇ ಹೊಳೆಯಿತು, ಅವಳಿಗೂ ಹೊಳೆದಿರಬೇಕು.

"ಒಳಗೆ ಯಾರೂ ಇರ್ಲಿಲ್ವಲ್ಲ, ಬುಡು," ಎಂದಳು. ತಲೆಯ ಮೇಲಿನ ಗಂಟನ್ನು ಸರಿಮಾಡಿಕೊಂಡು ನಡೆದಳು.

ಹದಿನೈದು ಮನೆಯವರೂ ಶಾಲೆ ಸೇರಿದೆವು. ನಮ್ಮ ಮನೆ ಮೇಲುಗಡೆಯ ಬೀದಿಯಲ್ಲಿದ್ದು ಒಣಗಿಯೇ ಇತ್ತು. ಆದರೂ ಪುಸ್ತಕಗಳನ್ನು ಬಿಟ್ಟು ಹೋಗಲು ಮನಸ್ಸು ಬಾರದೆ ನಾನೂ ಸಂತ್ರಸ್ತಳಾದೆ. ಏಳನೆಯ ತರಗತಿಯ ಒಂದು ಮೂಲೆಯಲ್ಲಿ ಪುಸ್ತಕದ ರಾಶಿ, ಇನ್ನೊಂದು ಮೂಲೆಯಲ್ಲಿ ಕುರಿ, ನಡುವೆ ನಾವು. ಒದ್ದೆ ಕಾಗದ ಮತ್ತು ಒದ್ದೆ ಉಣ್ಣೆ ಕೂಡಿದರೆ ಎಂಥ ವಾಸನೆ ಬರುತ್ತದೆಂದು ಬರೆದು ತಿಳಿಸಲು ಆಗುವುದಿಲ್ಲ. ಊಟಕ್ಕೆ ಕೊರತೆ ಇರಲಿಲ್ಲ. ಕೊರತೆ ಇಲ್ಲದಿದ್ದುದೇ ತೊಂದರೆ. ಬೆಳಿಗ್ಗೆ ಒಬ್ಬರು ಚಿತ್ರಾನ್ನ ಕಳಿಸಿದರು, ಮಧ್ಯಾಹ್ನ ಅವರ ವಿರೋಧ ಪಕ್ಷದವರು ಚಿತ್ರಾನ್ನ ಕಳಿಸಿದರು, ಸಂಜೆ ಇಬ್ಬರಿಗೂ ಸೇರದವರು ಬನ್ನು ಕಳಿಸಿದರು. ಗಿರಣಿ ಮುಳುಗಿದ್ದರಿಂದ ಊರಲ್ಲಿ ಹಿಡಿ ರಾಗಿಹಿಟ್ಟಿರಲಿಲ್ಲ. ಮುದ್ದೆ ಇಲ್ಲದೆ ಮೂರು ದಿನ ಕಳೆದದ್ದು ನಮ್ಮ ಜನಕ್ಕೆ ನೀರಿಗಿಂತ ದೊಡ್ಡ ವಿಪತ್ತು. ಬನ್ನು ತಿಂದು ತಿಂದು ಹೊಟ್ಟೆಯೊಳಗೆ ಬರೀ ಗಾಳಿ ಓಡಾಡುತ್ತಿದೆ, ಇನ್ನೊಂದು ದಿನ ಹೀಗೇ ಆದರೆ ಹಾರಿಹೋಗುತ್ತೇವೆ ಎಂದು ಗಂಡಸರು ದೂರಿದರು. ಓಬಳೇಶನನ್ನು ಕಂಡಾಗಲೆಲ್ಲ ಜನ ಗಿರಣಿಯ ಆರೋಗ್ಯ ವಿಚಾರಿಸುತ್ತಿದ್ದರು, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರ ಬಗ್ಗೆ ಕೇಳುವಂತೆ.

ಮೂರನೆಯ ದಿನ ಒಬ್ಬರು ಅಧಿಕಾರಿ ಬಂದರು. ಪ್ಯಾಂಟು ಮೊಣಕಾಲಿಗೆ ಮಡಚಿ, ಬೂಟು ಕೈಯಲ್ಲಿ ಹಿಡಿದಿದ್ದರು. ಮೆತ್ತನೆಯ ಮನುಷ್ಯ. ಪುಸ್ತಕದ ರಾಶಿಯನ್ನು ಒಂದು ಕೋಲಿನಿಂದ ಮೆಲ್ಲಗೆ ಎತ್ತಿ ನೋಡಿ, ಇವು ಬೂಷ್ಟು ಹಿಡಿಯುತ್ತವೆ, ಗುಂಡಿ ತೆಗೆದು ಮುಚ್ಚಿಬಿಡಿ ಎಂದರು. ಹೊಸ ಕಟ್ಟಡ ಸದ್ಯಕ್ಕೆ ಆಗುವ ಮಾತಲ್ಲ, ಗ್ರಂಥಾಲಯವನ್ನು ಹೋಬಳಿಯದರ ಜೊತೆ ಸೇರಿಸಿಬಿಡಬಹುದು ಎಂದೂ ಸಮಾಧಾನದ ದನಿಯಲ್ಲೇ ಹೇಳಿದರು. ನನ್ನ ಬಾಯಿ ಒಣಗಿತು. ಅಷ್ಟು ನೀರಿನ ನಡುವೆ ಒಣಗಿದ್ದು ಅದೊಂದೇ. ಅವರು ಸುತ್ತಲಿನವರನ್ನು ನೋಡಿ, ಇಲ್ಲಿ ಪುಸ್ತಕ ಓದುವವರು ಯಾರು ಎಂದು ಕೇಳಿದರು. ಎಲ್ಲರೂ ಮೇಲೆ ನೋಡಿದರು. ಕರೆಂಟಿಲ್ಲದೆ ನಿಂತಿದ್ದ ಫ್ಯಾನನ್ನು ಬಿಟ್ಟರೆ ಅಲ್ಲಿ ಅವರಿಗೆ ಪರಿಚಯವಿದ್ದ ಲೈಬ್ರರಿಯ ಸಾಮಾನು ಬೇರೆ ಇರಲಿಲ್ಲ.

"ನಾನ್ ಓದ್ತೀನಿ," ಎಂದಳು ಈರಕ್ಕ, ಕುರಿಗಳ ಮೂಲೆಯಿಂದ.

ಯಾವ ಪುಸ್ತಕ ಓದುತ್ತೀಯಮ್ಮ ಎಂದು ಅವರು ಕೇಳಿದರು.

"ದಪ್ಪನೇದು. ಅರ್ಧ ಆಗೈತೆ. ನೀವು ಗುಂಡಿಗ್ ಹಾಕ್ಬುಟ್ರೆ ಮಿಕ್ಕಿದ್ದು ಯಾರ್ ಹೇಳ್ತಾರೆ ಸ್ವಾಮಿ?"

ಅಧಿಕಾರಿ ಅವಳ ಮುಖ ನೋಡಿದರು, ರಾಶಿ ನೋಡಿದರು, ನನ್ನನ್ನು ನೋಡಿದರು. ನಾನು ಒಂದು ಕುರಿಯನ್ನು ನೋಡಿದೆ. ಹತ್ತು ದಿನ ಬಿಟ್ಟು ಬರುತ್ತೇನೆ, ಅಷ್ಟರಲ್ಲಿ ಓದುವ ಸ್ಥಿತಿಯಲ್ಲಿದ್ದರೆ ಹಾಗೆಂದು ಬರೆಯುತ್ತೇನೆ ಎಂದು ಹೇಳಿ, ಬೂಟು ಎತ್ತಿಕೊಂಡು ಹೋದರು.

ಪುಸ್ತಕ ಒಣಗಿಸುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಕಡಲೆಕಾಯಿ ಒಣಗಿಸುವುದು ಊರಿಗೆಲ್ಲ ಗೊತ್ತಿತ್ತು. ಶಾಲೆಯ ಹಿಂದೆ ಹಾಸಿಕೊಂಡಿರುವ ದೊಡ್ಡ ಬಂಡೆಯ ಮೇಲೆ ಪ್ರತಿ ವರ್ಷ ಕಾಯಿ ಹರಡುತ್ತಾರೆ. ಶಾಲೆ ಸೇರಿದ ಐದನೆಯ ದಿನ ಬಿಸಿಲು ಬಂದ ಕೂಡಲೇ ಈರಕ್ಕ ಅಲ್ಲಿ ಕಂಬಳಿ ಹಾಸಿ ಪುಸ್ತಕ ಸುರಿದಳು. ಬರೀ ಹರಡಿದರೆ ಸಾಲದು, ಹಾಳೆ ಹಾಳೆ ಬಿಡಿಸಬೇಕು, ಇಲ್ಲವಾದರೆ ಇಡೀ ಪುಸ್ತಕ ಇಟ್ಟಿಗೆಯಾಗುತ್ತದೆ. ನಾನು ಮನೆಗೆ ಇಪ್ಪತ್ತರಂತೆ ಹಂಚಿದೆ. ವರ್ಷವೆಲ್ಲ ಕಡಲೆಕಾಯಿ ಸುಲಿಯುವ ಹೆಂಗಸರ ಬೆರಳು ಹಾಳೆಯ ನಡುವೆ ಹೋದ ಪರಿ ನೋಡಬೇಕಿತ್ತು. ಒಂದು ಹಾಳೆಯೂ ಹರಿಯಲಿಲ್ಲ. ಇಸ್ತ್ರಿ ಅಂಗಡಿಯ ಚಾಂದ್ ಪಾಷಾ ಇದ್ದಿಲು ಪೆಟ್ಟಿಗೆ ತಂದು ಒಂದೊಂದೇ ಹಾಳೆಗೆ ಇಸ್ತ್ರಿ ಹೊಡೆಯಲು ಕುಳಿತರು. ಮೇಡಂ, ಈ ಕಿತಾಬಿಗೆ ಮಡಿಕೆ ಬೇಕೋ ಬೇಡವೋ ಎಂದು ಅವರು ನಿಜವಾಗಿಯೂ ಕೇಳಿದರು. ಒಂದು ಅಡುಗೆ ಪುಸ್ತಕದ ಮೊದಲ ಪುಟವನ್ನು ಸ್ವಲ್ಪ ಸೀಯಿಸಿದರು. ಅಡುಗೆ ಎಂದಮೇಲೆ ಸೀಯುವುದೂ ಉಂಟು ಎಂದು ಹೆಂಗಸರೇ ಅವರನ್ನು ಕ್ಷಮಿಸಿದರು.

ಹಾಳೆ ಬಿಡಿಸುವವರ ಕಣ್ಣು ಹಾಳೆಯ ಮೇಲೆ ಬೀಳದೆ ಹೋಗುತ್ತದೆಯೇ? ಎರಡನೆಯ ದಿನದ ಹೊತ್ತಿಗೆ ಅಲ್ಲಲ್ಲಿ ಮಾತು ನಿಂತಿತು. ಡೇರಿಯ ಹುಡುಗಿಯರು ಮನೆಮದ್ದಿನ ಪುಸ್ತಕ ಹಿಡಿದು ಬಂಡೆಯ ಮೇಲಿದ್ದವರಿಗೆಲ್ಲ ಕಾಯಿಲೆ ಕಂಡುಹಿಡಿಯತೊಡಗಿದರು. ಒಂದು ಪತ್ತೇದಾರಿ ಕಥೆಗೂ ಒಂದು ಉಪ್ಪಿನಕಾಯಿ ಪುಸ್ತಕಕ್ಕೂ ಬಿಡಿಸಲಾರದ ನಂಟು ಬೆಳೆದು, ಎಡಪುಟದಲ್ಲಿ ಶವ ಸಿಕ್ಕರೆ ಬಲಪುಟದಲ್ಲಿ ಅದನ್ನು ಉಪ್ಪು ಸವರಿ ಮೂರು ದಿನ ನೆರಳಲ್ಲಿಡಿ ಎಂದಿತ್ತು. ಅದನ್ನು ಓದಿದ ಮನೆಯವರು ಮಾವಿನಕಾಯಿಯನ್ನು ಅನುಮಾನದಿಂದ ನೋಡುವಂತಾಯಿತು.

ಓಬಳೇಶನ ಪಾಲಿಗೆ ಒಂದು ದಪ್ಪ ಕೊಲೆ ಕಾದಂಬರಿ ಬಂದಿತ್ತು. ಗಿರಣಿಯ ಮೋಟಾರು ರಿಪೇರಿಗೆ ಶಿರಾಕ್ಕೆ ಹೋಗಿದ್ದರಿಂದ ಅವನಿಗೆ ಬೇರೆ ಕೆಲಸವಿರಲಿಲ್ಲ. ಅವನ ಬೆರಳೋ ಬಾಳೆಕಾಯಿಯ ಗಾತ್ರ. ಒಂದು ಹಾಳೆ ಬಿಡಿಸಲು ಕಾಲು ಗಂಟೆ ಬೇಕು. ಬಿಡಿಸಿದ ಹಾಳೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಮುಂದಿನದು ಒಣಗುವ ತನಕ ಎಲ್ಲರೂ ಕಾಯಬೇಕು. ಈರಕ್ಕ ಅವನ ಪಕ್ಕದಲ್ಲಿ ಕುಳಿತು, ಬಿಸಿಲು ಬೀಳುವ ಕಡೆಗೆ ಪುಸ್ತಕ ತಿರುಗಿಸುತ್ತಾ, ಹಾಳೆಯ ಮೇಲೆ ಉಫ್ ಉಫ್ ಎಂದು ಊದುತ್ತಿದ್ದಳು. ಮೂರು ದಿನಕ್ಕೆ ಆ ಗುಂಪು ಇಪ್ಪತ್ತೈದು ಜನವಾಯಿತು. ಮನೆ ತೊಳೆಯುವುದು, ಕೆಸರು ಎತ್ತುವುದು, ನೆನೆದ ರಾಗಿ ಆರಿಸುವುದು ಎಲ್ಲವನ್ನೂ ಜನ ಹಾಳೆಯ ಲೆಕ್ಕದಲ್ಲಿ ಮಾಡತೊಡಗಿದರು. ಎರಡು ಬುಟ್ಟಿ ಕೆಸರು ಎತ್ತಿ ಬಂದು, ಒಣಗಿತಾ ಎಂದು ಕೇಳುವರು. ಇನ್ನೂ ಹಸಿ ಎಂದರೆ ಮತ್ತೆರಡು ಬುಟ್ಟಿ.

ಹೇಳಿದಂತೆ ಹತ್ತು ದಿನ ಬಿಟ್ಟು ಅಧಿಕಾರಿಯ ಜೀಪು ಬಂದಾಗ ಕಥೆ ತುದಿಗೆ ಬಂದಿತ್ತು. ಕತ್ತಲ ಕೋಣೆಯಲ್ಲಿ ಆರು ಜನರನ್ನು ಕೂಡಿಸಿ, ಕೊಲೆಗಾರ ನಿಮ್ಮಲ್ಲೇ ಇದ್ದಾನೆ ಎಂದು ಪತ್ತೇದಾರ ಹೇಳಿದ್ದ. ಮುಂದಿನ ಹಾಳೆ ಅಂಟಿತ್ತು. ಅಧಿಕಾರಿ ಬಂಡೆ ಹತ್ತಿ ಬಂದು ಕೆಮ್ಮಿದರು. ಯಾರೂ ಏಳಲಿಲ್ಲ. ಇನ್ನೊಮ್ಮೆ ಕೆಮ್ಮಿದರು. ಈರಕ್ಕ ತಿರುಗಿ ನೋಡದೆ ಕೈ ಎತ್ತಿ, ಸುಮ್ಮನೆ ಕೂರುವಂತೆ ಸನ್ನೆ ಮಾಡಿದಳು. ನನಗೆ ನಾಚಿಕೆಯಾಯಿತು, ಭಯವೂ ಆಯಿತು. ನಾನೇ ಎಲ್ಲರನ್ನೂ ಹೀಗೆ ಕೂರಿಸಿ ನಾಟಕ ಹೂಡಿದ್ದೇನೆಂದು ಅವರು ತಿಳಿದರೆ ಏನು ಗತಿ ಎಂದು ಓಡಿಹೋಗಿ ವಿವರಿಸಲು ನೋಡಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಯಾರೋ ಅಷ್ಟರಲ್ಲಿ ಅವರಿಗೆ ಕಥೆಯನ್ನು ಚುಟುಕಾಗಿ ಹೇಳಿಬಿಟ್ಟಿದ್ದರು. ಅವರು ಬೂಟು ಬಿಚ್ಚಿ ಕಂಬಳಿಯ ಮೇಲೆ ಕುಳಿತರು. ಓಬಳೇಶನ ಬೆರಳ ಕಷ್ಟವನ್ನು ಸ್ವಲ್ಪ ಹೊತ್ತು ಸಹಿಸಿ, ಆಮೇಲೆ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಕೊರಳಿನ ಗುರುತಿನ ಚೀಟಿಯನ್ನು ತೆಗೆದು, ಅದರ ಅಂಚನ್ನು ಹಾಳೆಗಳ ನಡುವೆ ತೂರಿಸಿ, ನವಿರಾಗಿ ಬಿಡಿಸಿದರು. ಸರ್ಕಾರದ ಗುರುತಿನ ಚೀಟಿ ಇಷ್ಟು ಉಪಯೋಗಕ್ಕೆ ಬಂದದ್ದನ್ನು ನಾನು ಮೊದಲ ಸಲ ಕಂಡೆ.

ಅವರೇ ಓದಿದರು. ಪತ್ತೇದಾರ ಕೈ ಎತ್ತಿದ. ಬೆರಳು ಚಾಚಿದ. ಪುಟ ಮುಗಿಯಿತು. ಅಧಿಕಾರಿ ಹಾಳೆ ತಿರುವಿದರು. ಅದರ ಮುಂದೆ ಇದ್ದದ್ದು ರಟ್ಟು.

ಹುಡುಕಿದೆವು. ಕಂಬಳಿ ಕೊಡವಿದೆವು. ಕೊನೆಗೆ ಹಾಳೆಯ ಬುಡದಲ್ಲಿ ಉಳಿದಿದ್ದ ಸಣ್ಣ ಚೂರಿನ ಅಂಚನ್ನು ಅಧಿಕಾರಿ ಪರೀಕ್ಷಿಸಿ, ಇದು ಹರಿದದ್ದಲ್ಲ, ತಿಂದದ್ದು ಎಂದರು. ಎಲ್ಲರ ಕಣ್ಣೂ ಬಂಡೆಯ ಅಂಚಿನಲ್ಲಿ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿದ್ದ ಒಂದು ಬಿಳಿ ಮರಿಯ ಕಡೆ ಹೋದವು. ಇದು ಯಾರದು ಎಂದು ಅವರು ಕೇಳಿದ ದನಿಯಲ್ಲಿ ಇದ್ದದ್ದು ಅಧಿಕಾರವಲ್ಲ, ಸಂಕಟ.

"ನಮ್ದೇ ಸ್ವಾಮಿ," ಎಂದಳು ಈರಕ್ಕ. "ಅದುಕ್ಕೊಂದ್ಕೆ ಗೊತ್ತಿರೋದು ಈಗ, ಯಾರು ಅಂತ."

ಆರು ಜನರಲ್ಲಿ ಕೊಲೆಗಾರ ಯಾರು ಎಂದು ಅಲ್ಲೇ ವಾದ ಹತ್ತಿತು. ಅಡುಗೆಯವನೇ ಎಂದು ಓಬಳೇಶ. ಅಡುಗೆಯವನ ಮೇಲೆ ಅನುಮಾನ ಬರಲೆಂದೇ ಹಾಗೆ ಬರೆದಿದ್ದಾರೆ, ವಕೀಲನೇ ಇರಬೇಕು ಎಂದು ಅಧಿಕಾರಿ. ಜೀಪಿನ ಡ್ರೈವರು ಕಥೆ ಕೇಳದೆಯೇ ಡ್ರೈವರನ ಪರ ನಿಂತರು. ವಾದ ನಡೆಯುತ್ತಿದ್ದಂತೆ ನಾಲ್ಕು ಹನಿ ಬಿದ್ದವು. ಅದೇ ಅಧಿಕಾರಿ, ಗುಂಡಿಗೆ ಹಾಕಿ ಎಂದಿದ್ದವರು, ಎದೆಗೆ ಒಂದು ರಾಶಿ ಪುಸ್ತಕ ಅವುಚಿಕೊಂಡು ಬರಿಗಾಲಲ್ಲಿ ಬಂಡೆಯಿಂದ ಓಡಿ ಇಳಿದರು. ಎಲ್ಲರೂ ಓಡಿದೆವು. ಜೀಪಿನ ತುಂಬ ಪುಸ್ತಕ ಒಟ್ಟಿ ಮೇಲೆ ಕಂಬಳಿ ಹೊದಿಸಿದೆವು. ಮುಕ್ಕಾಲು ಪಾಲು ಪುಸ್ತಕ ಉಳಿದವು. ಶಾಲೆಯ ಮೇಲಿನ ಖಾಲಿ ಕೋಣೆಯನ್ನು ಗ್ರಂಥಾಲಯಕ್ಕೆ ಬಿಟ್ಟುಕೊಡುವಂತೆ ಅವರೇ ಮುಂದೆ ನಿಂತು ಕಾಗದ ಮಾಡಿಸಿದರು. ತಿಂಗಳ ಮೇಲೆ ಅವರಿಂದ ಒಂದು ಫೋನು ಬಂತು. ಕಟ್ಟಡ, ಬೀರು, ಕಿಟಕಿ ಎಂದೆಲ್ಲ ವಿಚಾರಿಸಿ, ಕೊನೆಗೆ ದನಿ ತಗ್ಗಿಸಿ, ಆ ಪುಸ್ತಕದ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕಿತೇ ಎಂದು ಕೇಳಿದರು. ಸಿಕ್ಕಿರಲಿಲ್ಲ.

ಮನೆಗಳು ಪುಸ್ತಕದಷ್ಟು ಬೇಗ ಒಣಗುವುದಿಲ್ಲ. ಗೋಡೆಗೆ ತಿಂಗಳುಗಟ್ಟಲೆ ತೇವ, ಬಾಗಿಲು ಉಬ್ಬಿ ಚೌಕಟ್ಟಿಗೆ ಕೂರದು, ಕಪಾಟು ತೆರೆದರೆ ಕಪ್ಪೆ. ಆದರೂ ಒಬ್ಬೊಬ್ಬರಾಗಿ ಜನ ಮನೆಗೆ ಹಿಂದಿರುಗಿದರು. ಈರಕ್ಕನಿಗೆ ಹಿಂದಿರುಗಲು ಮನೆ ಇರಲಿಲ್ಲ. ನಾನು ಮೇಲಿನ ಕೋಣೆಯ ಬೀಗದ ಕೈ ಅವಳಿಗೆ ಕೊಟ್ಟೆ. ಗ್ರಂಥಾಲಯದಲ್ಲಿ ಮಲಗಬಹುದೇ ಎಂದು ಯಾರೋ ನಿಯಮದ ಪ್ರಶ್ನೆ ಎತ್ತಿದರು. ನಮ್ಮ ಓದುಗರು ಮೊದಲಿಂದಲೂ ಮಲಗುತ್ತಿದ್ದವರೇ, ಇವಳು ಸ್ವಲ್ಪ ಜಾಸ್ತಿ ಹೊತ್ತು ಮಲಗುತ್ತಾಳೆ ಅಷ್ಟೇ ಎಂದೆ.

ಚಿತ್ತಯ್ಯ ಬಂದದ್ದು ಅದೇ ವಾರ. ಪಾವಗಡದ ಕಡೆ ನೆಲ ನೆನೆಯುವಷ್ಟೂ ಮಳೆಯಾಗಿರಲಿಲ್ಲ. ಅವನ ಫೋನು ಚಾರ್ಜಿಲ್ಲದೆ ಸತ್ತು ಹದಿನೈದು ದಿನವಾಗಿತ್ತು. ಹಿಂಡು ಹೊಡೆದುಕೊಂಡು ಮನೆಯ ಮುಂದೆ ಬಂದರೆ ಮುಂಬಾಗಿಲಿಗೆ ಬೀಗ. ಹಿಂದೆ ಗೋಡೆಯೂ ಇಲ್ಲ, ಸೂರೂ ಇಲ್ಲ. ಆದರೂ ಅವನು ಬಾಗಿಲ ಮುಂದೆ ಕೋಲೂರಿ ಅರ್ಧ ಗಂಟೆ ಕುಳಿತಿದ್ದ. ಪಕ್ಕದಿಂದ ಬಳಸಿ ಒಳಗೆ ಹೋಗಬಹುದಿತ್ತಲ್ಲ ಎಂದು ನಾನು ಆಮೇಲೆ ಕೇಳಿದೆ.

"ಬೀಗ ಹಾಕೈತಲ್ಲಮ್ಮ," ಎಂದ ಚಿತ್ತಯ್ಯ. "ಅವ್ಳಿಲ್ದಾಗ ಹೆಂಗ್ ಹ್ವಾಗದು?"

ಅವರ ಮನೆ ಏಳಲು ಮುಂದಿನ ಕಡಲೆಕಾಯಿ ಕೀಳುವ ಕಾಲ ಬರಬೇಕಾಯಿತು. ಈ ಸಲ ದಿಬ್ಬದ ಮೇಲೆ, ಶಾಲೆಗೆ ಹತ್ತಿರ. ಅಲ್ಲಿಯವರೆಗೆ ಅವಳು ಗ್ರಂಥಾಲಯದಲ್ಲೇ ಇದ್ದಳು, ಮತ್ತು ಅವಳಿದ್ದ ಅಷ್ಟೂ ತಿಂಗಳು ಅಲ್ಲಿ ಯಾರಿಗೂ ಮನಸ್ಸಿನಲ್ಲಿ ಓದಿಕೊಳ್ಳಲು ಬಿಡಲಿಲ್ಲ. ಬಾಯಿ ಮುಚ್ಚಿ ಪುಸ್ತಕ ಹಿಡಿದವರನ್ನು ಕಂಡರೆ, ಒಬ್ಬನೇ ತಿನ್ನುವವನನ್ನು ಕಂಡಂತೆ ದುರುಗುಟ್ಟುತ್ತಿದ್ದಳು. ಪೇಪರು ಓದಲು ಬಂದವರೂ ಗಟ್ಟಿಯಾಗಿ ಓದಬೇಕಾಯಿತು. ಕೆಲವರು ಹೆದರಿ ಬರುವುದನ್ನು ಬಿಟ್ಟರು. ಕೆಲವರು ಕೇಳಲೆಂದೇ ಬರತೊಡಗಿದರು. ಎಷ್ಟು ಜನ ಹೆಚ್ಚಿದರು, ಎಷ್ಟು ಜನ ಕಡಿಮೆಯಾದರು ಎಂದು ನೀವು ಕೇಳಿದರೆ, ಸುಮಾರಾಗಿ ಸಮ ಎನ್ನಬೇಕು. ದೊಡ್ಡ ಕ್ರಾಂತಿಯೇನೂ ಆಗಲಿಲ್ಲ.

ಮನೆ ಒಕ್ಕಲಿಗೆ ನಾನು ಒಂದು ಸ್ಟೀಲು ಕೊಳಗ ಹಿಡಿದು ಹೋದೆ. ಹಾಲು ಉಕ್ಕಿಸಿಯಾಗಿತ್ತು. ಗಾರೆ ಕೆಲಸದವನು ಹೊರಗೆ ನಿಂತು, ಬಂದವರಿಗೆಲ್ಲ ಇದರಲ್ಲಿ ತನ್ನ ತಪ್ಪಿಲ್ಲವೆಂದು ಹೇಳುತ್ತಿದ್ದ. ಒಳಗೆ ನೋಡಿದರೆ ಒಂದು ಅಡುಗೆ ಮೂಲೆ, ಒಂದೇ ಕೋಣೆ, ಇಬ್ಬರು ಕೈಕಾಲು ಮಡಚಿಕೊಂಡು ಮಲಗುವಷ್ಟು. ಹೊರಗೆ ನೋಡಿದರೆ ಮನೆಯ ಮುಂದೆ ಈ ತುದಿಯಿಂದ ಆ ತುದಿಗೆ ಜಗಲಿ, ಹದಿನೈದು ಜನ ಹಾಯಾಗಿ ಕೂರುವಂಥದು. ಎರಡು ಕೋಣೆಗೆ ತಂದ ಇಟ್ಟಿಗೆಯಲ್ಲಿ ಒಂದು ಕೋಣೆಯದು ಜಗಲಿಗೇ ಹೋಗಿತ್ತು. ಚಿತ್ತಯ್ಯ ಒಂದು ಮೂಲೆಯಲ್ಲಿ ಕುಳಿತು, ತಾನು ಕೇಳಿದ್ದು ಕುರಿ ಕೂಡುವ ರೊಪ್ಪ ಎಂದು ಗೊಣಗಿದ.

ಇದ್ಯಾಕೆ ಹೀಗೆ ಕಟ್ಟಿಸಿದೆ ಈರಕ್ಕ ಎಂದೆ.

"ಬೈಗಾದ್ಮೇಲೆ ಕುರಿ ಹೊಡ್ಕಂಡ್ ಬತ್ತೀನಿ. ಅಷ್ಟೊತ್ಗೆ ನೀನು ಲೈಬ್ರಿ ಬಾಗ್ಲು ಹಾಕಿರ್ತೀಯ," ಎಂದಳು. "ಅದುಕ್ಕೆ ಇಲ್ಲಿ. ಬಂದೋರು ಓದ್ಲಿ, ನಾನ್ ಕೇಳ್ತೀನಿ. ಮಲಗಾಕೆ ಎಷ್ಟ್ ಜಾಗ ಬೇಕಮ್ಮ?"

ಸಂಜೆಗೆ ನೆಂಟರೆಲ್ಲ ಹೋದ ಮೇಲೆ ಏಳೆಂಟು ಜನ ಜಗಲಿಯಲ್ಲಿ ಉಳಿದೆವು. ಓಬಳೇಶ ಗಿರಣಿಯಿಂದ ನೇರ ಬಂದಿದ್ದ, ರೆಪ್ಪೆಯ ಮೇಲೆ ಇನ್ನೂ ಹಿಟ್ಟಿತ್ತು. ನಾನು ತಂದಿದ್ದ ಪುಸ್ತಕ ಒಂದು ಸಂಸಾರದ ಕಥೆ. ಕೊಲೆಯಿಲ್ಲ, ಪುಟಗಳೆಲ್ಲ ಇವೆ ಎಂದು ಎರಡು ಸಲ ಎಣಿಸಿ ನೋಡಿ ತಂದಿದ್ದೆ. ಓಬಳೇಶ ಓದುತ್ತಾ ಹೋದ. ಈರಕ್ಕ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಮಡಿಲಲ್ಲಿ ಕೈಯಿಟ್ಟು ಕೇಳುತ್ತಿದ್ದಳು. ಕಥೆಯಲ್ಲಿ ಒಂದು ಕಡೆ ಅಣ್ಣ ತಮ್ಮನಿಗೆ, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದುಬಿಟ್ಟ.

ಈರಕ್ಕ ಕಣ್ಣು ಬಿಟ್ಟಳು. "ನಿಲ್ಸು ಓಬ್ಳೇಸ. ಅವ್ನು ಅಂಗನ್ಬಾರ್ದಾಗಿತ್ತು. ಇನ್ನೊಂದ್ಸತಿ ಓದು, ಬ್ಯಾರೆ ಏನಾರ ಹೇಳ್ತಾನೇನೋ ನೋಡನ."

ಅಕ್ಷರಗಳು ಹಾಗೆ ಬದಲಾಗುವುದಿಲ್ಲ ಎಂದು ಹೇಳುವುದು ಲೈಬ್ರಿ ಮೇಡಮ್ಮನ ಕರ್ತವ್ಯವಾಗಿತ್ತು. ನಾನು ಹೇಳಲಿಲ್ಲ. ಓಬಳೇಶ ತನ್ನ ದಪ್ಪ ಬೆರಳಿನಿಂದ ಪುಟವನ್ನು ಹಿಂದಕ್ಕೆ ತಿರುವಿ, ಗಂಟಲು ಸರಿಮಾಡಿಕೊಂಡು, ಮೊದಲಿಗಿಂತ ನಿಧಾನವಾಗಿ ಓದಲು ಹಿಡಿದ. ಅಣ್ಣ ಈ ಸಲ ಏನೆನ್ನುತ್ತಾನೋ ಎಂದು ನಾವೆಲ್ಲ ಕಿವಿಗೊಟ್ಟು ಕುಳಿತೆವು.